ದೋಣಿಯೊಳಗಿನ ಬಡಬಾನಲ

ಸಮುದ್ರದ ಗರ್ಭದಲ್ಲಿ ಒಂದು ಬೆಂಕಿಯಿದೆ ಎಂದು ನಮ್ಮ ಹಿರಿಯರು ನಂಬಿದ್ದರು. ಹೆಣ್ಣುಕುದುರೆಯ ಮುಖದ ಆ ಬೆಂಕಿಗೆ ಬಡಬಾನಲವೆಂದು ಹೆಸರು. ಎಷ್ಟು ನದಿಗಳು ಬಂದು ಸೇರಿದರೂ ಕಡಲು ತನ್ನ ಎಲ್ಲೆಯನ್ನು ಮೀರದಿರುವುದಕ್ಕೆ ಆ ಬೆಂಕಿ ಹಗಲಿರುಳೂ ನೀರನ್ನು ಕುಡಿಯುತ್ತಿರುವುದೇ ಕಾರಣವೆಂಬುದು ಪುರಾಣಗಳು ಕೊಡುವ ಸಮಾಧಾನ. ನೀರಿನ ನಡುವೆ ಇದ್ದೂ ಆರದ, ನೀರನ್ನೇ ಕುಡಿದು ಬಾಳುವ ಬೆಂಕಿಯ ಈ ಕಲ್ಪನೆ ಕವಿಗಳಿಗೆ ಬಹಳ ಪ್ರಿಯವಾಯಿತು. ವಿರಹಕ್ಕೂ ಕೋಪಕ್ಕೂ ಹಸಿವಿಗೂ ಅದನ್ನು ಉಪಮಾನವಾಗಿ ತಂದವರುಂಟು. ಆ ಬೆಂಕಿಯನ್ನು ಕಣ್ಣಾರೆ ಕಾಣಬೇಕೆನ್ನುವವರಿಗೆ ಇಂದು ಒಂದು ಸುಲಭವಾದ ಉಪಾಯವಿದೆ. ಯಾವುದಾದರೂ ಹಾಯಿದೋಣಿಯನ್ನು ಹತ್ತಿ, ಕೆಳಗಿನ ಕೋಣೆಗಿಳಿಯುವ ಮೆಟ್ಟಿಲನ್ನು ಸರಿಸಿ, ಹಿಂದಿನ ಕತ್ತಲೆಯೊಳಕ್ಕೆ ಇಣುಕಿದರೆ ಸಾಕು. ಅಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಒಂದು ಪುಟ್ಟ ಡೀಸೆಲ್ ಎಂಜಿನು ಕುಳಿತಿರುತ್ತದೆ. ಅದರ ಹೊಟ್ಟೆಯಲ್ಲಿ ಬೆಂಕಿ. ಅದು ಕುಡಿಯುವುದು ಕಡಲನ್ನು. ಆ ಕುಡಿತ ಒಂದು ನಿಮಿಷ ನಿಂತರೆ ಅದರ ಬಾಳೇ ನಿಲ್ಲುವ ಸ್ಥಿತಿಗೆ ಬರುತ್ತದೆ.

ಈ ಎಂಜಿನಿಗೆ ನೀರು ಕುಡಿಸಿ ಅದನ್ನು ತಂಪಾಗಿಡುವ ಕೆಲಸ ಸಣ್ಣದೆಂದು ತೋರಬಹುದು. ಗಾಳಿಯ ಬಲದಿಂದ ಸಾಗರಗಳನ್ನು ದಾಟುವ ಸಾಹಸದ ಮುಂದೆ ಒಂದು ರಬ್ಬರಿನ ಚಕ್ರವನ್ನು ಬದಲಿಸುವ ಮಾತನ್ನು ಯಾರು ಕೇಳುತ್ತಾರೆ? ಆದರೆ ಆ ಸಾಹಸ ದಡ ಸೇರುವುದೋ ಬಂಡೆಗೆ ಬಡಿಯುವುದೋ ಎಂಬುದು ಎಷ್ಟೋ ವೇಳೆ ಆ ರಬ್ಬರಿನ ಚಕ್ರವನ್ನೇ ಅವಲಂಬಿಸಿರುತ್ತದೆ. ಆದ್ದರಿಂದ ಆ ಮಾತನ್ನು ಸಾವಧಾನವಾಗಿ ಕೇಳುವುದು ಅಪ್ರಯೋಜಕವಾಗಲಾರದು.

ದಡದ ಹತ್ತಿರದ ಹತ್ತು ನಿಮಿಷ

ಹಾಯಿ ಇರುವ ದೋಣಿಗೆ ಎಂಜಿನೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಜೋಶುವಾ ಸ್ಲೋಕಮ್ ಎಂಬ ನಾವಿಕ ೧೮೯೫ರಿಂದ ೧೮೯೮ರವರೆಗೆ ‘ಸ್ಪ್ರೇ’ ಎಂಬ ದೋಣಿಯಲ್ಲಿ ಒಬ್ಬನೇ ಭೂಮಂಡಲವನ್ನು ಸುತ್ತಿ ಬಂದ. ಆ ದೋಣಿಯಲ್ಲಿ ಎಂಜಿನು ಇರಲಿಲ್ಲ. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ‘ಸುಹೈಲಿ’ಯನ್ನೇರಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ೧೯೬೮-೬೯ರಲ್ಲಿ ಎಲ್ಲಿಯೂ ಬಂದರು ಸೇರದೆ ಒಂಟಿಯಾಗಿ ಜಗತ್ತನ್ನು ಸುತ್ತಿದ್ದೂ ಹಾಯಿಯ ಬಲದಿಂದಲೇ. ೨೦೧೨-೧೩ರಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿಯವರು ಗೋವೆಯಲ್ಲಿ ನಿರ್ಮಿತವಾದ ‘ಮಾದೇಯಿ’ಯಲ್ಲಿ ಅದೇ ಬಗೆಯ ಪ್ರದಕ್ಷಿಣೆಯನ್ನು ಮುಗಿಸಿ, ಅದನ್ನು ಸಾಧಿಸಿದ ಮೊದಲ ಭಾರತೀಯರೆನಿಸಿದರು. ನಡುಗಡಲಿಗೆ ಹಾಯಿ ಸಾಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎಂಜಿನು ಬೇಕಾಗುವುದು ದಡದ ಹತ್ತಿರ. ನಡುಗಡಲಿನಲ್ಲಿ ದೋಣಿ ಐದಾರು ಮೈಲಿ ಅತ್ತಿತ್ತ ಸರಿದರೆ ನಷ್ಟವೇನೂ ಇಲ್ಲ. ಬಂದರಿನ ಬಾಯಲ್ಲಿಯಾದರೆ ಐದಾರು ಮಾರು ಸರಿದರೂ ಅನರ್ಥ. ಎರಡು ಕಲ್ಲುಗೋಡೆಗಳ ನಡುವೆ ಗಾಳಿ ಒಮ್ಮೆಲೇ ಬಿದ್ದುಹೋಗುತ್ತದೆ. ಸೆಳವು ಮಾತ್ರ ಬೀಳುವುದಿಲ್ಲ. ಹಿಂದಿನಿಂದ ದೊಡ್ಡ ಹಡಗೊಂದು ಬರುತ್ತಿರುತ್ತದೆ. ಇಲ್ಲವೆ, ಗಾಳಿ ದೋಣಿಯನ್ನು ದಡದ ಬಂಡೆಗಳ ಕಡೆಗೇ ತಳ್ಳುತ್ತಿರುತ್ತದೆ, ಹಾಯಿ ಹರಿದಿರುತ್ತದೆ. ಇಂತಹ ಹತ್ತು ನಿಮಿಷಗಳಿಗಾಗಿಯೇ ನಾವಿಕನು ಸಾವಿರಾರು ಮೈಲಿ ಎಂಜಿನನ್ನು ಭಾರವಾಗಿ ಹೊತ್ತು ತಂದಿರುತ್ತಾನೆ. ನಮ್ಮ ಕರಾವಳಿಯಲ್ಲಿ ಅಳಿವೆ ಬಾಗಿಲನ್ನು ದಾಟುವವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ: ನದಿಯ ನೀರೂ ಕಡಲ ತೆರೆಯೂ ಮುಖಾಮುಖಿಯಾಗುವ ಆ ಮರಳದಿಬ್ಬದ ಮೇಲೆ ಎಂಜಿನು ಒಮ್ಮೆ ಕೆಮ್ಮಿದರೆ ದೋಣಿ ಅಡ್ಡಬೀಳುತ್ತದೆ. ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಮಂಜಿಗಳು ಸರಕಾರದ ಕಾಗದಪತ್ರಗಳಲ್ಲಿ ಇಂದಿಗೂ ಯಂತ್ರ ಜೋಡಿಸಿದ ಹಾಯಿಹಡಗುಗಳೇ. ಹಾಯಿಯ ಹೆಸರು ಉಳಿದಿದೆ, ದುಡಿಮೆ ಎಂಜಿನಿನದು.

ವಿಪರ್ಯಾಸವೆಂದರೆ, ಹೀಗೆ ಅಪರೂಪಕ್ಕೆ ಬೇಕಾಗುವ ಯಂತ್ರವೇ ಅನಾದರಕ್ಕೆ ಮೊದಲು ಗುರಿಯಾಗುವುದು. ದಿನವೂ ಓಡುವ ಬಸ್ಸಿನ ಎಂಜಿನು ತನ್ನ ದೋಷವನ್ನು ದಿನವೂ ಹೇಳುತ್ತದೆ. ವಾರಗಟ್ಟಲೆ ಉಪ್ಪುಗಾಳಿಯಲ್ಲಿ ಸುಮ್ಮನೆ ಕುಳಿತ ಎಂಜಿನಾದರೋ ತನ್ನ ದೋಷವನ್ನು ಆ ಹತ್ತು ನಿಮಿಷಗಳಿಗೆಂದೇ ಕೂಡಿಟ್ಟುಕೊಳ್ಳುತ್ತದೆ.

ಉರಿಯ ಲೆಕ್ಕ

ಎಂಜಿನನ್ನು ತಂಪುಮಾಡುವುದೇಕೆ? ರುಡಾಲ್ಫ್ ಡೀಸೆಲ್ ಮೊದಲು ತನ್ನ ಯಂತ್ರವನ್ನು ಚಿಂತಿಸಿದಾಗ ಅದಕ್ಕೆ ತಂಪಿನ ಏರ್ಪಾಡೇ ಬೇಕಾಗದೆಂದು ಭಾವಿಸಿದ್ದ. ಉರಿಯ ಶಾಖವೆಲ್ಲ ಕೆಲಸವಾಗಿ ಮಾರ್ಪಡಬೇಕು, ಒಂದಿಷ್ಟೂ ಪೋಲಾಗಬಾರದು ಎಂಬುದು ಅವನ ಕನಸು. ೧೮೯೩ರಲ್ಲಿ ಆಗ್ಸ್‌ಬರ್ಗಿನಲ್ಲಿ ಪರೀಕ್ಷೆಗೊಳಗಾದ ಅವನ ಮೊದಲ ಯಂತ್ರಕ್ಕೆ ನೀರಿನ ಹೊದಿಕೆ ಇರಲಿಲ್ಲ. ಕಬ್ಬಿಣ ಕನಸಿಗೆ ಒಪ್ಪಲಿಲ್ಲ. ೧೮೯೭ರಲ್ಲಿ ಅವನಿಗೆ ಕೀರ್ತಿ ತಂದ ಯಂತ್ರ ನೀರಿನ ಹೊದಿಕೆಯನ್ನು ಹೊದ್ದೇ ಬಂದಿತು. ಇಂಧನದ ಶಕ್ತಿಯಲ್ಲಿ ಶೇಕಡ ೨೬ರಷ್ಟನ್ನು ಅದು ಕೆಲಸಕ್ಕೆ ತಿರುಗಿಸಿದಾಗ ಜಗತ್ತು ಬೆರಗಾಯಿತು. ಆ ಡೀಸೆಲ್ ೧೯೧೩ರ ಸೆಪ್ಟೆಂಬರಿನ ಒಂದು ರಾತ್ರಿ ಆಂಟ್‌ವರ್ಪಿನಿಂದ ಹಾರಿಚ್ಚಿಗೆ ಹೊರಟ ಹಡಗಿನಿಂದ ಕಾಣೆಯಾಗಿ ಕಡಲಿನ ಪಾಲಾದನೆಂಬುದು ಬೇರೆಯೇ ಒಂದು ದುರಂತಕಥೆ.

ಇಂದಿನ ಸಣ್ಣ ಡೀಸೆಲ್ ಎಂಜಿನೂ ತಾನು ಉಂಡ ಇಂಧನದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗವನ್ನಷ್ಟೇ ದೋಣಿಯನ್ನು ನೂಕುವ ಪ್ರೊಪೆಲರಿಗೆ ಕೊಡುತ್ತದೆ. ಇನ್ನೊಂದು ಭಾಗ ಹೊಗೆಯೊಡನೆ ಹೋಗುತ್ತದೆ. ಉಳಿದುದರಲ್ಲಿ ಹೆಚ್ಚಿನದು ಎಂಜಿನಿನ ಗೋಡೆಗಳಿಗೆ ಇಳಿಯುತ್ತದೆ. ಉರಿಯುವ ಅನಿಲ ಕ್ಷಣಕಾಲ ೧,೫೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಅದನ್ನು ಎದುರಿಸುವ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಲು ೬೬೦ ಡಿಗ್ರಿ ಸಾಕು. ಇಪ್ಪತ್ತೈದು ಕುದುರೆಬಲದ ಎಂಜಿನೊಂದು ಪೂರ್ಣವೇಗದಲ್ಲಿ ದುಡಿಯುವಾಗ ಅದರ ಗೋಡೆಗಳಿಂದ ಕಳಚಿ ಒಯ್ಯಬೇಕಾದ ಶಾಖ, ಬಚ್ಚಲುಮನೆಯ ಏಳೆಂಟು ವಿದ್ಯುತ್ ಗೀಸರುಗಳು ಒಟ್ಟಿಗೆ ಕೊಡುವಷ್ಟು. ರಸ್ತೆಯ ವಾಹನಕ್ಕೆ ಎದುರುಗಾಳಿಯಿದೆ, ಅದನ್ನು ಹಿಡಿಯಲು ರೇಡಿಯೇಟರಿದೆ. ಹಲಗೆಗಳ ನಡುವೆ ಪೆಟ್ಟಿಗೆಯಲ್ಲಿಟ್ಟಂತೆ ಕುಳಿತ ದೋಣಿಯ ಎಂಜಿನಿಗೆ ಗಾಳಿಯೆಲ್ಲಿಂದ ಬರಬೇಕು? ಅದಕ್ಕೆ ಇರುವ ನೆರೆಯೊಂದೇ: ಹಲಗೆಯ ಆಚೆಯ ಕಡಲು.

ಕಡಲ ನೀರು ಧಾರಾಳವಾಗಿದೆ, ತಂಪಾಗಿದೆ, ಬಿಟ್ಟಿಯಾಗಿ ದೊರೆಯುತ್ತದೆ. ಆದರೆ ಪ್ರತಿ ಲೀಟರಿನಲ್ಲಿ ಸುಮಾರು ೩೫ ಗ್ರಾಂ ಉಪ್ಪನ್ನು ಹೊತ್ತುಕೊಂಡೇ ಬರುತ್ತದೆ. ಅದು ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಹಿತ್ತಾಳೆಯೊಳಗಿನ ಸತುವನ್ನು ಹೀರಿ ಅದನ್ನು ರೊಟ್ಟಿಯಂತೆ ಪುಡಿಗೊಳಿಸುತ್ತದೆ. ಬಿಸಿ ಹೆಚ್ಚಿದಂತೆ ಸುಣ್ಣದ ಲವಣಗಳನ್ನು ಕೊಳವೆಯ ಗೋಡೆಗೆ ಮೆತ್ತುತ್ತದೆ. ಎಂಜಿನನ್ನು ಉಳಿಸುವ ನೀರೇ ಎಂಜಿನನ್ನು ತಿನ್ನುವ ನೀರೂ ಆಗಿದೆ. ಈ ಇಬ್ಬಂದಿಯನ್ನು ಸಂಭಾಳಿಸುವುದರಲ್ಲೇ ಮುಂದಿನ ಕಥೆಯೆಲ್ಲ ಅಡಗಿದೆ.

ಹಳೆಯ ಎಂಜಿನುಗಳಲ್ಲಿ ಕಡಲ ನೀರನ್ನು ನೇರವಾಗಿ ಎಂಜಿನಿನ ಮೈಯೊಳಗೇ ಹರಿಸುತ್ತಿದ್ದರು. ಲವಣ ಮೆತ್ತಿಕೊಳ್ಳದಿರಲೆಂದು ಅಂತಹ ಎಂಜಿನನ್ನು ಸುಮಾರು ೬೦ ಡಿಗ್ರಿಗಿಂತ ಹೆಚ್ಚು ಕಾಯಲು ಬಿಡುವಂತಿರಲಿಲ್ಲ. ಅಷ್ಟು ತಂಪಿನಲ್ಲಿ ಇಂಧನ ಚೆನ್ನಾಗಿ ಉರಿಯುವುದಿಲ್ಲ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ನೀರುಗಳ ಪದ್ಧತಿ. ಎಂಜಿನಿನ ಒಳಗೆ ಸದಾ ಸುತ್ತುವುದು ಔಷಧ ಬೆರೆಸಿದ ಸಿಹಿನೀರು. ಅದರ ಉಷ್ಣಮಾನ ೮೦ ಡಿಗ್ರಿಯ ಆಸುಪಾಸು. ಆ ಸಿಹಿನೀರಿನ ಶಾಖವನ್ನು, ಸಣ್ಣ ಸಣ್ಣ ಕೊಳವೆಗಳ ಒಂದು ಗೂಡಿನಲ್ಲಿ, ಕಡಲ ನೀರು ಹೊತ್ತೊಯ್ಯುತ್ತದೆ. ಎರಡು ನೀರುಗಳು ಒಂದೇ ಮನೆಯಲ್ಲಿದ್ದರೂ ಎಂದೂ ಬೆರೆಯುವುದಿಲ್ಲ. ಈ ಉಪಾಯದ ಬೇರು ಹಳೆಯದು. ಉಗಿಹಡಗುಗಳ ಬಾಯ್ಲರಿಗೆ ಉಪ್ಪುನೀರನ್ನೇ ಉಣಿಸಿ ಕಂಗೆಟ್ಟಿದ್ದ ಕಾಲದಲ್ಲಿ, ೧೮೩೪ರಲ್ಲಿ, ಸ್ಯಾಮ್ಯುಅಲ್ ಹಾಲ್ ಎಂಬ ಇಂಗ್ಲಿಷ್ ಯಂತ್ರಜ್ಞ, ಉಗಿಯನ್ನು ಕೊಳವೆಗಳೊಳಗೆ ಹಾಯಿಸಿ ಹೊರಗಿನಿಂದ ಕಡಲ ನೀರು ಸೋಕಿಸಿ ತಣಿಸಿ, ಅದೇ ಸಿಹಿನೀರನ್ನು ಮತ್ತೆ ಮತ್ತೆ ಬಳಸುವ ಸಾಧನಕ್ಕೆ ಹಕ್ಕುಪತ್ರ ಪಡೆದಿದ್ದ.

ನೀರು ಹಿಡಿಯುವ ದಾರಿ

ಎಂಜಿನನ್ನು ನೋಡಿಕೊಳ್ಳುವವನು ಆ ಕಡಲ ನೀರಿನ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲಿ ನಡೆಯಬಲ್ಲವನಾಗಿರಬೇಕು. ದೋಣಿಯ ತಳದಲ್ಲಿ ಬೇಕೆಂದೇ ಕೊರೆದ ಒಂದು ರಂಧ್ರದಿಂದ ಆ ದಾರಿ ಹೊರಡುತ್ತದೆ. ರಂಧ್ರದ ಮೇಲೆ ಒಂದು ನಲ್ಲಿ. ಅದರ ಮೇಲೆ ಕಸವನ್ನು ತಡೆಯುವ ಜಾಲರಿಬುಟ್ಟಿ. ಅಲ್ಲಿಂದ ಪಂಪು, ಪಂಪಿನಿಂದ ಕೊಳವೆಗಳ ಗೂಡು, ಅಲ್ಲಿ ಶಾಖವನ್ನು ಹೊತ್ತುಕೊಂಡ ನೀರು ಕೊನೆಗೆ ಹೊಗೆಕೊಳವೆಯೊಳಕ್ಕೆ ಸುರಿದು, ಕಾದ ಹೊಗೆಯನ್ನೂ ತಣಿಸಿ, ಅದರೊಡನೆಯೇ ದೋಣಿಯ ಹಿಂಬದಿಯಿಂದ ಹೊರಬೀಳುತ್ತದೆ. ಹೊಗೆ ಹೀಗೆ ನೆನೆದು ತಣ್ಣಗಾಗುವುದರಿಂದಲೇ ಅದನ್ನು ರಬ್ಬರಿನ ಕೊಳವೆಯಲ್ಲಿ ಸಾಗಿಸುವುದು ಸಾಧ್ಯವಾಗಿದೆ. ನೀರು ನಿಂತರೆ ಎಂಜಿನಿಗಿಂತ ಮೊದಲು ಆ ರಬ್ಬರೇ ಸುಡತೊಡಗುತ್ತದೆ.

ನಲ್ಲಿಯ ವಿಚಾರ ಮೊದಲು. ನೀರಿನ ಮಟ್ಟದಿಂದ ಅರ್ಧ ಮೀಟರು ಕೆಳಗಿರುವ ಒಂದಂಗುಲದ ರಂಧ್ರ ತೆರೆದುಕೊಂಡರೆ ನಿಮಿಷಕ್ಕೆ ಐವತ್ತು ಲೀಟರಿಗೂ ಹೆಚ್ಚು ನೀರು ಒಳನುಗ್ಗುತ್ತದೆ. ಗಂಟೆಯೊಂದಕ್ಕೆ ಸುಮಾರು ಮೂರು ಟನ್ನು. ಆದ್ದರಿಂದ ಈ ನಲ್ಲಿ ಕಂಚಿನದೋ, ಸತು ಹೊರಹೋಗದಂತೆ ಸಂಸ್ಕರಿಸಿದ ಹಿತ್ತಾಳೆಯದೋ ಆಗಿರಬೇಕೆಂದು ಬಲ್ಲವರು ಹಟ ಹಿಡಿಯುತ್ತಾರೆ. ಸಾಮಾನ್ಯ ಹಿತ್ತಾಳೆ ಕಡಲಿನಲ್ಲಿ ಕೆಲವು ವರ್ಷಗಳಿದ್ದರೆ ಹೊರಗೆ ಆಕಾರ ಕೆಡದೆ, ಒಳಗೆ ಸತುವನ್ನೆಲ್ಲ ಕಳೆದುಕೊಂಡು ನಸುಗೆಂಪಾಗುತ್ತದೆ. ಒಂದು ದಿನ ಹಿಡಿ ತಿರುಗಿಸಿದಾಗ ಮುರಿದು ಕೈಗೇ ಬರುತ್ತದೆ. ನಲ್ಲಿಯನ್ನು ಆಗಾಗ ಮುಚ್ಚಿ ತೆರೆದು ಸಡಿಲವಾಗಿ ಇಡಬೇಕು. ಪ್ರತಿಯೊಂದು ನಲ್ಲಿಯ ಪಕ್ಕದಲ್ಲೂ ಮೊನಚಾದ ಒಂದು ಮರದ ಬೆಣೆಯನ್ನು ದಾರದಿಂದ ಕಟ್ಟಿಡುವ ರೂಢಿ ನಾವಿಕರಲ್ಲಿದೆ. ಕತ್ತಲಲ್ಲಿ, ಮೊಣಕಾಲುದ್ದದ ನೀರಿನಲ್ಲಿ, ಕೈಯಾಡಿಸಿದರೆ ಸಿಗುವ ಆ ಮರದ ತುಂಡು ಒಂದು ದೋಣಿಯ ಬೆಲೆಯದು.

ಜಾಲರಿಬುಟ್ಟಿಯ ಕಥೆ ಸರಳವಾದುದು. ಪಾಚಿ, ಜೊಂಡು, ಲೋಳೆಮೀನು ಅಲ್ಲಿ ಸಿಕ್ಕಿಬೀಳುತ್ತವೆ. ಈ ಸಾಲಿಗೆ ನಮ್ಮ ಕಾಲ ಸೇರಿಸಿದ ಹೊಸ ಪ್ರಾಣಿ ಪ್ಲಾಸ್ಟಿಕ್ ಚೀಲ. ಅದು ಬುಟ್ಟಿಯವರೆಗೆ ಬರುವುದೂ ಇಲ್ಲ. ತಳದ ರಂಧ್ರಕ್ಕೇ ಹೊರಗಿನಿಂದ ಅಂಟಿಕೊಂಡು ದೋಣಿಯ ಉಸಿರು ಕಟ್ಟಿಸುತ್ತದೆ. ಎಂಜಿನು ನಿಲ್ಲಿಸಿದೊಡನೆ ಕಳಚಿಕೊಂಡು ತೇಲಿಹೋಗುವುದರಿಂದ ಅಪರಾಧಿಯ ಸುಳಿವೂ ಸಿಗುವುದಿಲ್ಲ.

ಪಂಪಿನ ಹೃದಯ ಒಂದು ಪುಟ್ಟ ರಬ್ಬರಿನ ಚಕ್ರ. ಹೂವಿನ ಎಸಳುಗಳಂತೆ ಅದಕ್ಕೆ ಆರರಿಂದ ಹನ್ನೆರಡರವರೆಗೆ ರೆಕ್ಕೆಗಳು. ಲೋಹದ ಗೂಡಿನೊಳಗೆ ಅದು ಸುತ್ತುವಾಗ ರೆಕ್ಕೆಗಳು ಒಂದೆಡೆ ಬಾಗಿ ಇನ್ನೊಂದೆಡೆ ನೆಟ್ಟಗಾಗುತ್ತವೆ. ನೆಟ್ಟಗಾಗುವಾಗ ನೀರನ್ನು ಎಳೆದುಕೊಂಡು, ಬಾಗುವಾಗ ಮುಂದಕ್ಕೆ ತಳ್ಳುತ್ತವೆ. ನಿಮಿಷಕ್ಕೆ ಹತ್ತಾರು ಲೀಟರು ನೀರು ಹೀಗೆ ಸಾಗುತ್ತದೆ. ೧೯೩೦ರಲ್ಲಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಹುಟ್ಟಿದ ನಿಯೋಪ್ರೀನ್ ಎಂಬ ಕೃತಕ ರಬ್ಬರು ಇಂತಹ ಚಕ್ರಕ್ಕೆ ಹೇಳಿ ಮಾಡಿಸಿದ ವಸ್ತುವಾಯಿತು. ಆದರೆ ಅದಕ್ಕೆ ಎಣ್ಣೆ ನೀರೇ. ನೀರಿಲ್ಲದೆ ಒಂದು ನಿಮಿಷ ಸುತ್ತಿದರೆ ಸಾಕು, ಸವೆತದ ಬಿಸಿಗೆ ರೆಕ್ಕೆಗಳು ಸುಟ್ಟು ಹರಿಯತೊಡಗುತ್ತವೆ. ಸುಮ್ಮನೆ ಇಟ್ಟರೂ ಅದಕ್ಕೆ ಕೇಡು ತಪ್ಪಿದ್ದಲ್ಲ: ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಬಾಗಿ ಕುಳಿತ ರೆಕ್ಕೆ ಮತ್ತೆ ನೆಟ್ಟಗಾಗುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ, ಒಳ್ಳೆಯದಾಗಿಯೇ ತೋರಿದರೂ, ಅದನ್ನು ಬದಲಿಸುವುದು ವಾಡಿಕೆ. ಹೊಸದನ್ನು ಕೂಡಿಸುವಾಗ ಗ್ಲಿಸರಿನನ್ನೋ ಸಾಬೂನಿನ ನೀರನ್ನೋ ಸವರುತ್ತಾರೆ. ಖನಿಜ ತೈಲದ ಗ್ರೀಸು ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಈ ಚಕ್ರ ಮುರಿದಾಗ ಅನುಭವಿಗಳು ಮಾಡುವ ಒಂದು ಕೆಲಸ ನೋಡತಕ್ಕದ್ದು. ಅವರು ಹೊಸ ಚಕ್ರ ಹಾಕಿ ಮುಚ್ಚಳ ಮುಚ್ಚಿಬಿಡುವುದಿಲ್ಲ. ಹಳೆಯದರ ತುಂಡುಗಳನ್ನು ಹಲಗೆಯ ಮೇಲೆ ಜೋಡಿಸಿ ಎಣಿಸುತ್ತಾರೆ. ಒಡೆದ ಮಡಕೆಯ ಚೂರುಗಳನ್ನು ಪುರಾತತ್ತ್ವಜ್ಞ ಜೋಡಿಸುವಂತೆ, ಎಸಳಿಗೆ ಎಸಳನ್ನು ಕೂಡಿಸಿ ಚಕ್ರ ಪೂರ್ತಿಯಾಯಿತೇ ಎಂದು ನೋಡುತ್ತಾರೆ. ಒಂದು ತುಂಡು ಕಡಮೆಯಾದರೆ ಅದು ನೀರಿನೊಡನೆ ಮುಂದೆ ಸಾಗಿ ಕೊಳವೆಗಳ ಗೂಡಿನ ಬಾಯಲ್ಲೆಲ್ಲೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಇಂದು ಅದು ತೊಂದರೆ ಕೊಡದಿರಬಹುದು. ಪೂರ್ಣವೇಗ ಬೇಕಾದ ದಿನ, ಅರ್ಧ ಮುಚ್ಚಿದ ಆ ದಾರಿಯಲ್ಲಿ ನೀರು ಸಾಲದೆ ಎಂಜಿನು ಕಾಯುತ್ತದೆ.

ಸತುವಿನ ಬಲಿ

ಕೊಳವೆಗಳ ಗೂಡಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಕಾಣುತ್ತದೆ. ಬಿಚ್ಚಿದರೆ ಅದರ ತುದಿಗೆ ಸೀಸದಕಡ್ಡಿಯಷ್ಟು ದಪ್ಪದ ಒಂದು ಸತುವಿನ ಸಲಾಕೆ. ಅದು ಯಾವ ಭಾರವನ್ನೂ ಹೊರುವುದಿಲ್ಲ, ಯಾವುದನ್ನೂ ತಿರುಗಿಸುವುದಿಲ್ಲ. ಕರಗಿಹೋಗುವುದೇ ಅದರ ಕೆಲಸ.

ಈ ಸಲಾಕೆಯ ಹಿಂದೆ ವಿಜ್ಞಾನದ ಇತಿಹಾಸದ ಒಂದು ಸ್ವಾರಸ್ಯವಾದ ಪ್ರಕರಣವಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಯುದ್ಧನೌಕೆಗಳ ತಳಕ್ಕೆ ತಾಮ್ರದ ತಗಡನ್ನು ಹೊದಿಸುತ್ತಿದ್ದರು. ಕಡಲ ನೀರು ಆ ತಾಮ್ರವನ್ನು ಬೇಗ ತಿಂದುಹಾಕುತ್ತಿತ್ತು. ನೌಕಾ ಇಲಾಖೆ ಸರ್ ಹಂಫ್ರಿ ಡೇವಿಯ ನೆರವನ್ನು ಬಯಸಿತು. ಎರಡು ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಗುಲಿಕೊಂಡಿದ್ದರೆ ಅವುಗಳ ನಡುವೆ ವಿದ್ಯುತ್ತು ಹರಿದು, ಹೆಚ್ಚು ಚುರುಕಾದ ಲೋಹವೇ ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ ಎಂಬುದನ್ನು ಅರಿತಿದ್ದ ಡೇವಿ, ತಾಮ್ರಕ್ಕೆ ಸತುವಿನ ಇಲ್ಲವೆ ಕಬ್ಬಿಣದ ಸಣ್ಣ ತುಂಡುಗಳನ್ನು ಜೋಡಿಸಿ ನೋಡಿದ. ೧೮೨೪ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅವನು ಮಂಡಿಸಿದ ಪರಿಹಾರ ಅಕ್ಷರಶಃ ನಿಜವಾಯಿತು: ಸತು ಸವೆಯಿತು, ತಾಮ್ರ ಹೊಳೆಯುತ್ತ ಉಳಿಯಿತು. ಆದರೆ ಹಡಗುಗಳು ಕಡಲಿಗೆ ಹೋಗಿ ಬಂದಾಗ ಇನ್ನೊಂದು ಸಂಗತಿ ಹೊರಬಿತ್ತು. ಕರಗುವ ತಾಮ್ರದ ವಿಷವೇ ಅದುವರೆಗೆ ಪಾಚಿಯನ್ನೂ ಚಿಪ್ಪುಜೀವಿಗಳನ್ನೂ ದೂರವಿಟ್ಟಿತ್ತು. ಕರಗದ ತಾಮ್ರದ ಮೇಲೆ ಅವು ಗುಂಪುಗೂಡಿ ಹಡಗಿನ ವೇಗವನ್ನು ಕಟ್ಟಿಹಾಕಿದವು. ಯಾನಕ್ಕೆ ಹೋಗುವ ಹಡಗುಗಳಿಂದ ಆ ರಕ್ಷಕಗಳನ್ನು ಕಳಚಬೇಕಾಯಿತು. ಸಿದ್ಧಾಂತ ಗೆದ್ದು ಪ್ರಯೋಗ ಸೋತ ಈ ಘಟನೆಯಿಂದ ಡೇವಿಗೆ ಬಹಳ ನೋವಾಯಿತು.

ಅಂದು ಸೋತ ಆ ಉಪಾಯ ಇಂದು ಜಗತ್ತಿನ ಬಂದರುಗಳಲ್ಲೆಲ್ಲ ಕೆಲಸ ಮಾಡುತ್ತಿದೆ. ತಾಮ್ರ, ಕಂಚು, ಕಬ್ಬಿಣ, ಅಲ್ಯೂಮಿನಿಯಂ ಒಟ್ಟಿಗೆ ಬಾಳಬೇಕಾದ ಎಂಜಿನಿನ ಸಂಸಾರದಲ್ಲಿ, ಕಡಲ ನೀರಿನ ಹಸಿವಿಗೆ ಮೊದಲ ತುತ್ತಾಗಿ ಸತು ನಿಲ್ಲುತ್ತದೆ. ಅರ್ಧದಷ್ಟು ಸವೆದಾಗಲೇ ಅದನ್ನು ಬದಲಿಸಬೇಕು. ಪೂರ್ತಿ ಕರಗಿದ ಮೇಲೆ ಕಡಲು ಮುಂದಿನ ಲೋಹಕ್ಕೆ ಬಾಯಿ ಹಾಕುತ್ತದೆ. ಆಗ ಕೊಳವೆಗಳ ಗೂಡಿನಲ್ಲಿ ಸೂಜಿಮೊನೆಯ ರಂಧ್ರವೊಂದು ಬಿದ್ದರೆ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಸಲಾಕೆ ಸ್ವಲ್ಪವೂ ಸವೆಯದೆ ಹೊಸದರಂತೆಯೇ ಇದ್ದರೆ ಸಂತೋಷಪಡುವ ಹಾಗಿಲ್ಲ. ಅದಕ್ಕೂ ಲೋಹಕ್ಕೂ ಸಂಪರ್ಕ ತಪ್ಪಿ ಅದು ಕೆಲಸವನ್ನೇ ಮಾಡುತ್ತಿಲ್ಲವೆಂದು ತಿಳಿಯಬೇಕು.

ಗೂಡಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡ ಸುಣ್ಣವನ್ನು ಮರದ ಕಡ್ಡಿಯಿಂದ ಮೆಲ್ಲಗೆ ನೂಕಿ, ವಿನಿಗರಿನಂತಹ ದುರ್ಬಲ ಆಮ್ಲದಲ್ಲಿ ನೆನೆಹಾಕಿ ತೆಗೆಯುತ್ತಾರೆ. ಸಿಹಿನೀರಿನ ದಾರಿಯನ್ನು ಕಾಯುವ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲನ್ನು ಪರೀಕ್ಷಿಸಲು ಅಡಿಗೆಮನೆಯ ಪಾತ್ರೆಯೊಂದು ಸಾಕು: ನೀರಿನಲ್ಲಿ ಅದನ್ನು ತೂಗಬಿಟ್ಟು, ಉಷ್ಣಮಾಪಕವನ್ನಿಟ್ಟು ಒಲೆ ಹಚ್ಚಿದರೆ, ಅದರ ಮೇಲೆ ಅಚ್ಚೊತ್ತಿದ ಉಷ್ಣಮಾನದ ಹೊತ್ತಿಗೆ ಅದು ಬಾಯಿ ತೆರೆಯಬೇಕು. ತೆರೆಯದಿದ್ದರೆ ಎಂಜಿನು ಕಾಯುತ್ತದೆ. ಸದಾ ತೆರೆದೇ ಇದ್ದರೆ ಎಂಜಿನು ಬೇಕಾದಷ್ಟು ಬಿಸಿಯೇರದೆ, ಅರೆಬೆಂದ ಇಂಧನದ ಮಸಿಯನ್ನು ಒಳಗೆ ಕಟ್ಟಿಕೊಳ್ಳುತ್ತದೆ. ತಂಪೂ ಮಿತಿಯಲ್ಲಿರಬೇಕು.

ಮನೆಯೊಳಗೆ ನುಗ್ಗಿದ ಕಡಲು

ಇಲ್ಲಿಯವರೆಗೆ ಹೇಳಿದ್ದು ನೀರು ಬಾರದಿದ್ದರೆ ಆಗುವ ಕೇಡು. ಬೇಡದ ಕಡೆಗೆ ಬಂದರೆ ಆಗುವ ಕೇಡು ಇದಕ್ಕಿಂತ ಗುಟ್ಟಿನದು. ಎಂಜಿನು ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ, ಅದು ನಿಂತ ಮೇಲೂ ಕಡಲ ನೀರು ಕೊಳವೆಯ ಮೂಲಕ ತಾನೇ ತಾನಾಗಿ ಇಳಿಯಲು ಹವಣಿಸುತ್ತದೆ. ಪೀಪಾಯಿಯಿಂದ ಎಣ್ಣೆಯನ್ನು ರಬ್ಬರು ನಳಿಗೆಯಿಂದ ಇಳಿಸುವುದನ್ನು ಕಂಡವರಿಗೆ ಈ ಕ್ರಿಯೆ ಪರಿಚಿತವೇ. ಹಾಗೆ ಇಳಿದ ನೀರು ಹೊಗೆಕೊಳವೆಯನ್ನು ತುಂಬಿ, ಅಲ್ಲಿಂದ ಹಿಮ್ಮೆಟ್ಟಿ, ತೆರೆದ ಕವಾಟದ ಮೂಲಕ ಎಂಜಿನಿನ ಹೊಟ್ಟೆಯನ್ನೇ ಸೇರುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಮರುದಿನ ಎಂಜಿನನ್ನು ತಿರುಗಿಸಿದರೆ ಪಿಸ್ಟನ್ನು ಗೋಡೆಗೆ ಹಾಯ್ದಂತೆ ನಿಲ್ಲುತ್ತದೆ. ಅದರ ಕೈ ಬಾಗುವುದೂ ಉಂಟು.

ಇದನ್ನು ತಡೆಯಲು ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಕ್ಕೊಯ್ದು, ಅದರ ನೆತ್ತಿಯಲ್ಲಿ ಗಾಳಿಯನ್ನು ಒಳಬಿಡುವ ಒಂದು ಸಣ್ಣ ಕವಾಟವನ್ನಿಟ್ಟು, ಮತ್ತೆ ಕೆಳಗಿಳಿಸುತ್ತಾರೆ. ಎಂಜಿನು ನಿಂತೊಡನೆ ಗಾಳಿ ಒಳಬಂದು ನೀರಿನ ಎಳೆ ಕಡಿಯುತ್ತದೆ. ಹೆಸರುಬೇಳೆಯಷ್ಟಿರುವ ಆ ಕವಾಟದಲ್ಲಿ ಉಪ್ಪಿನ ಹರಳು ಕಟ್ಟಿಕೊಂಡರೆ ಏರ್ಪಾಡೆಲ್ಲ ವ್ಯರ್ಥ. ಋತುವಿಗೊಮ್ಮೆ ಅದನ್ನು ಕಳಚಿ ಸಿಹಿನೀರಿನಲ್ಲಿ ತೊಳೆಯುವುದು ಐದು ನಿಮಿಷದ ಕೆಲಸ.

ಇದೇ ಜಾತಿಯ ಇನ್ನೊಂದು ಎಚ್ಚರಿಕೆ ಇದೆ. ಎಂಜಿನು ಹೊತ್ತಿಕೊಳ್ಳಲು ಹಟಮಾಡುವಾಗ ಅದನ್ನು ಮತ್ತೆ ಮತ್ತೆ ತಿರುಗಿಸುತ್ತ ಹೋಗುವುದು ಸಹಜ. ಪ್ರತಿ ಸುತ್ತಿಗೂ ಪಂಪು ನೀರನ್ನು ತರುತ್ತಲೇ ಇರುತ್ತದೆ. ಅದನ್ನು ಹೊರಗೆ ನೂಕಬೇಕಾದ ಹೊಗೆ ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ನೀರು ಸೇರಿ ಸೇರಿ ಕೊನೆಗೆ ಎಂಜಿನಿಗೇ ನುಗ್ಗುತ್ತದೆ. ಆದ್ದರಿಂದ ಬಹಳ ಹೊತ್ತು ತಿರುಗಿಸಬೇಕಾದರೆ ತಳದ ನಲ್ಲಿಯನ್ನು ಮುಚ್ಚಿ, ಎಂಜಿನು ಹೊತ್ತಿಕೊಂಡ ಕ್ಷಣದಲ್ಲೇ ತೆರೆಯಬೇಕು. ಮುಚ್ಚಿದರೆ ರಬ್ಬರು ಸುಡುತ್ತದೆ, ತೆರೆದರೆ ಎಂಜಿನು ಮುಳುಗುತ್ತದೆ. ಎರಡರ ನಡುವಿನ ಆ ಕ್ಷಣವನ್ನು ಹಿಡಿಯುವುದು ಅಭ್ಯಾಸದಿಂದಲೇ ಬರುವ ವಿದ್ಯೆ.

ಚಳಿಗಾಲ ಮತ್ತು ಮಳೆಗಾಲ

ಸ್ವೀಡನ್, ಫಿನ್ಲೆಂಡ್ ಮುಂತಾದ ಉತ್ತರದ ನಾಡುಗಳಲ್ಲಿ ಶರತ್ಕಾಲ ಬಂದೊಡನೆ ಹಾಯಿದೋಣಿಗಳನ್ನು ನೀರಿನಿಂದೆತ್ತಿ ದಡದ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ನೀರು ಮಂಜಾಗುವಾಗ ಶೇಕಡ ಒಂಬತ್ತರಷ್ಟು ಹಿಗ್ಗುತ್ತದೆ; ಎಂಜಿನಿನ ಯಾವುದೋ ಮೂಲೆಯಲ್ಲಿ ಉಳಿದ ಒಂದು ಬಟ್ಟಲು ನೀರು ಬೀಡುಕಬ್ಬಿಣವನ್ನು ಸೀಳಿಬಿಡಬಲ್ಲದು. ಆದ್ದರಿಂದ ಮೊದಲು ಸಿಹಿನೀರು ಹಾಯಿಸಿ ಉಪ್ಪನ್ನು ತೊಳೆದು, ಆಮೇಲೆ ಹೆಪ್ಪುಗಟ್ಟದ ಗ್ಲೈಕಾಲ್ ದ್ರಾವಣವನ್ನು ಅದೇ ದಾರಿಯಲ್ಲಿ ಕುಡಿಸಿ, ರಬ್ಬರಿನ ಚಕ್ರವನ್ನು ಕಳಚಿಟ್ಟು ಎಂಜಿನನ್ನು ನಿದ್ದೆಗೆ ಕಳುಹಿಸುತ್ತಾರೆ. ಒಳಗಿನ ಸಿಹಿನೀರಿನಲ್ಲೂ ಸುಮಾರು ಅರ್ಧಕ್ಕರ್ಧ ಗ್ಲೈಕಾಲೇ ಇರುತ್ತದೆ. ಸಾಮಾನ್ಯವಾಗಿ ಬಳಸುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಚೆಲ್ಲಿದುದನ್ನು ನಾಯಿ ನೆಕ್ಕದಂತೆ ಒರೆಸಬೇಕು.

ನಮ್ಮ ಕಡೆ ಮಂಜಿನ ಭಯವಿಲ್ಲವೆಂದು ಈ ಗ್ಲೈಕಾಲನ್ನು ಕೈಬಿಡುವವರುಂಟು. ಅದರೊಡನೆ ಬರುವ ತುಕ್ಕುನಿರೋಧಕ ಔಷಧ ಉಷ್ಣವಲಯಕ್ಕೂ ಬೇಕು, ಮತ್ತು ಆ ಔಷಧ ಕೆಲವು ವರ್ಷಗಳಲ್ಲಿ ಸತ್ವ ಕಳೆದುಕೊಳ್ಳುವುದರಿಂದ ಕಾಲಕಾಲಕ್ಕೆ ಅದನ್ನು ಬದಲಿಸಬೇಕು. ನಮ್ಮ ಕಡಲಿನ ತೊಂದರೆ ಬೇರೆ ಬಗೆಯದು. ಇಲ್ಲಿ ನೀರೇ ೨೮-೩೦ ಡಿಗ್ರಿಯಷ್ಟು ಬೆಚ್ಚಗಿರುತ್ತದೆ. ತಂಪಿನ ಉಳಿತಾಯ ಕಡಮೆ, ಕೊಳವೆಯೊಳಗೆ ಚಿಪ್ಪುಗಳ ಬೆಳೆ ಹೆಚ್ಚು. ನಮ್ಮ ಚಳಿಗಾಲವೆಂದರೆ ಮಳೆಗಾಲವೇ. ಜೂನ್ ೧ರಿಂದ ಜುಲೈ ೩೧ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ೬೧ ದಿನಗಳಲ್ಲಿ ಮಲ್ಪೆ, ಮಂಗಳೂರುಗಳ ದಕ್ಕೆಗಳು ತುಂಬಿರುತ್ತವೆ. ಲಕ್ಷದ್ವೀಪದ ಮಂಜಿಗಳೂ ಮಳೆಯಲ್ಲಿ ಯಾನ ನಿಲ್ಲಿಸುತ್ತವೆ. ಬಾಲ್ಟಿಕ್ಕಿನ ದಡದಲ್ಲಿ ಹಿಮದ ಕೆಳಗೆ ನಡೆಯುವ ಕೆಲಸವೇ ಇಲ್ಲಿ ಮಳೆಯ ಸೂರಿನಡಿಯಲ್ಲಿ ನಡೆಯುವಂಥದು: ಬಿಚ್ಚುವುದು, ತೊಳೆಯುವುದು, ಸವೆದುದನ್ನು ತೆಗೆದು ಹೊಸದನ್ನು ಕೂಡಿಸುವುದು.

ಕಿವಿಯ ಕಾವಲು

ಇಷ್ಟೆಲ್ಲ ಸಾಧನಗಳಿದ್ದರೂ ಬಲ್ಲ ನಾವಿಕ ಎಂಜಿನು ಹೊತ್ತಿಸಿದೊಡನೆ ಮಾಡುವ ಮೊದಲ ಕೆಲಸ, ಹಿಂದಕ್ಕೆ ಹೋಗಿ ದೋಣಿಯ ಹಿಂಬದಿಗೆ ಬಗ್ಗಿ ನೋಡುವುದು. ಹೊಗೆಯೊಡನೆ ನೀರು ಉಗುಳುತ್ತಿದೆಯೇ? ಗುಕ್ಕು ಗುಕ್ಕಾಗಿ, ಒಂದು ಲಯದಲ್ಲಿ, ಕಡಲು ಕಡಲಿಗೆ ಮರಳುತ್ತಿದೆಯೇ? ಹಾಗಿದ್ದರೆ ಮಾತ್ರ ಹಗ್ಗ ಬಿಚ್ಚಬಹುದು. ಆಮೇಲೆ ಆ ಸದ್ದು ಅವನ ಕಿವಿಯಲ್ಲಿ ಉಳಿಯುತ್ತದೆ. ಅದು ಒಣಗಿ ಟೊಳ್ಳಾದರೆ, ಬಿಳಿಯ ಉಗಿ ಏಳತೊಡಗಿದರೆ, ಮಾಪಕದ ಮುಳ್ಳು ಏರುವ ಮೊದಲೇ ಅವನಿಗೆ ತಿಳಿದಿರುತ್ತದೆ. ಆಗಲೂ ಅವನು ಗಾಬರಿಗೊಳ್ಳದೆ, ಎಂಜಿನು ನ��ಲ್ಲಿಸಿ, ಸಾಧ್ಯವಾದರೆ ಹಾಯಿ ಏರಿಸಿ ಇಲ್ಲವೆ ಲಂಗರು ಇಳಿಸಿ, ನೀರಿನ ದಾರಿಯನ್ನು ಮೊದಲಿನಿಂದ ನಡೆಯುತ್ತಾನೆ: ನಲ್ಲಿ ತೆರೆದಿದೆಯೇ, ಬುಟ್ಟಿ ತುಂಬಿದೆಯೇ, ಬೆಲ್ಟು ಹರಿದಿದೆಯೇ, ಚಕ್ರ ಮುರಿದಿದೆಯೇ. ಕಾದ ಸಿಹಿನೀರಿನ ಮುಚ್ಚಳಕ್ಕೆ ಮಾತ್ರ ಕೈಹಚ್ಚುವುದಿಲ್ಲ. ಒತ್ತಡದಲ್ಲಿ ಕಾದ ಆ ನೀರು ಮುಚ್ಚಳ ಸಡಿಲಿಸಿದೊಡನೆ ಉಗಿಯಾಗಿ ಮುಖಕ್ಕೆ ಹಾರುತ್ತದೆ. ಪ್ರಶ್ನೆಗಳನ್ನು ಅಗ್ಗದಿಂದ ದುಬಾರಿಗೆ, ಹೊರಗಿನಿಂದ ಒಳಕ್ಕೆ ಕೇಳುತ್ತ ಹೋಗುವ ಈ ಕ್ರಮದಲ್ಲಿ ಒಬ್ಬ ಒಳ್ಳೆಯ ವೈದ್ಯನ ವಿವೇಕವಿದೆ.

ಹೊಸದನ್ನು ಕಟ್ಟಿದವರ ಹೆಸರು ಶಾಸನದಲ್ಲಿ ಉಳಿಯುತ್ತದೆ; ಕಟ್ಟಿದ್ದನ್ನು ಕೆಡದಂತೆ ಕಾಯ್ದವರ ಹೆಸರು ಉಳಿಯುವುದು ಅಪರೂಪ. ಕೆರೆ ಕಟ್ಟಿಸಿದ ದೊರೆಯನ್ನು ನಾವು ಬಲ್ಲೆವು, ವರ್ಷ ವರ್ಷವೂ ಅದರ ಹೂಳೆತ್ತಿದ ಊರಿನವರನ್ನು ಬಲ್ಲೆವೇ? ಸತುವಿನ ಸಲಾಕೆಯನ್ನು ಅರ್ಧ ಸವೆದಾಗಲೇ ಬದಲಿಸಿದವನಿಗೆ, ರಬ್ಬರಿನ ತುಂಡುಗಳನ್ನು ಎಣಿಸಿದವನಿಗೆ, ಬೇಳೆಯಷ್ಟಿರುವ ಕವಾಟದ ಉಪ್ಪು ತೊಳೆದವನಿಗೆ ದೊರೆಯುವ ಪ್ರತಿಫಲ ವಿಚಿತ್ರವಾದುದು: ಏನೂ ಆಗದಿರುವುದೇ ಆ ಪ್ರತಿಫಲ. ಗಾಳಿ ಬಿದ್ದ ಒಂದು ಸಂಜೆ, ಸೆಳವು ದೋಣಿಯನ್ನು ಕಲ್ಲುಗೋಡೆಯ ಕಡೆಗೆ ಎಳೆಯುತ್ತಿರುವಾಗ, ಅವನು ಗುಂಡಿಯೊತ್ತುತ್ತಾನೆ, ಎಂಜಿನು ಹೊತ್ತಿಕೊಳ್ಳುತ್ತದೆ, ಹಿಂಬದಿಯಲ್ಲಿ ನೀರಿನ ಸದ್ದು ಕೇಳುತ್ತದೆ. ದೋಣಿ ಬಂದರಿನೊಳಕ್ಕೆ ಬಂದು ತನ್ನ ಗೂಟಕ್ಕೆ ಕಟ್ಟಿಸಿಕೊಳ್ಳುತ್ತದೆ. ದಡದಲ್ಲಿ ನಿಂತು ನೋಡುವವರಿಗೆ ಅದರಲ್ಲಿ ಹೇಳಿಕೊಳ್ಳುವಂತಹ ವಿಶೇಷವೇನೂ ಕಾಣುವುದಿಲ್ಲ.